ಡ್ರಮ್ಮಿನ ಮೂಗು

ಸಹಕಾರನಗರದಲ್ಲಿ ನಮ್ಮ ಮನೆಯ ಬೀದಿಯ ಕೊನೆಗೆ ಹೊಸದಾಗಿ ಒಂದು ಲಾಂಡ್ರಿ ಅಂಗಡಿ ಬಂದಿದೆ. ಹೋದ ವಾರ ಗಂಜಿ ಹಾಕಿಸಲು ಕೊಟ್ಟಿದ್ದ ಪಂಚೆಯನ್ನು ತರಲು ಹೋದೆ. ಅಂಗಡಿಯಾತ "ಎರಡೇ ನಿಮಿಷ ಅಂಕಲ್, ಪ್ರೆಸ್ ಮಾಡಿ ಕೊಟ್ಬಿಡ್ತೀನಿ" ಎಂದು ಹಬೆಯ ಇಸ್ತ್ರಿಪೆಟ್ಟಿಗೆಯನ್ನು ಪಂಚೆಯ ಮೇಲಿಟ್ಟ. ಭುಸ್ಸೆಂದು ಹಬೆ ಎದ್ದಿತು. ಗಂಜಿ, ಒದ್ದೆ ಹತ್ತಿ, ಕಾದ ಲೋಹ, ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಏನಾಯ್ತು ಅಂಕಲ್, ಬೀಪಿನಾ?"

"ಬೀಪಿ ಅಲ್ಲಪ್ಪ, ಬಾಯ್ಲರ್" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಶಕ್ತಿ ನನಗೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಯಶವಂತಪುರದಲ್ಲಿ ರೈಲು ಹಳಿಗೆ ಬೆನ್ನು ಹಾಕಿಕೊಂಡು ಒಂದು ಬಟ್ಟೆ ಕಾರ್ಖಾನೆ ಇತ್ತು. ನೇಯ್ದ ಕೋರಾ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಬಿಳುಪಾಗಿ, ಗಂಜಿ ಕುಡಿದು, ಒಣಗಿ, ಮಡಿಕೆಯಾಗಿ ಹೊರಗೆ ಹೋಗುತ್ತಿತ್ತು. ಗದಗಿನ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದ ನಾನು ಎರಡು ವರ್ಷ ಅಲ್ಲಿನ ಬಾಯ್ಲರ್ ಮುಂದೆ ಕಲ್ಲಿದ್ದಲು ಎತ್ತಿ ಹಾಕಿದ್ದೆ. ನನಗೆ ಕೆಲಸ ಕಲಿಸಿದವರು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುನಿಯಪ್ಪ. ಬ್ಯಾಟರಾಯನಪುರದ ಹಳೆಯ ಕುಳ, ಐವತ್ತು ದಾಟಿದವರು. ಊರಿನ ಕೆರೆಯ ಕೆಳಗೆ ಅವರ ಸೊಪ್ಪಿನ ಮಡಿಗಳಿದ್ದವು. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬರುವಾಗ ಅವರ ಅಂಗಿಯಿಂದ ಕೊತ್ತಂಬರಿಯ ವಾಸನೆ ಬರುತ್ತಿತ್ತು; ಹತ್ತು ಗಂಟೆಯ ಹೊತ್ತಿಗೆ ಅದು ಹೋಗಿ ಕಲ್ಲಿದ್ದಲಿನದು ಉಳಿಯುತ್ತಿತ್ತು.

ಅವರ ಪಾಠದಲ್ಲಿ ಪುಸ್ತಕದ ಮಾತು ಇರಲೇ ಇಲ್ಲ. "ಬಾಯ್ಲರ್ ಅಂದ್ರೆ ಏನಂದ್ಕೊಂಡಿದ್ದೀಯ? ಒಂದು ದೊಡ್ ಅಂಡೆ. ಕೆಳ್ಗೆ ಬೆಂಕಿ, ಒಳ್ಗೆ ನೀರು, ಬಾಯಿ ಮಾತ್ರ ಬಿಗಿಯಾಗ್ ಮುಚ್ಚೈತೆ. ಈ ಗಾಜಿನ ಕೊಳವೇಲಿ ನೀರು ಕಾಣ್ತಿರ್ಬೇಕು. ಎಂಡ್ರು ಮಕ್ಳ ಮುಖ ನೋಡ್ದೆ ಇದ್ರೂ ನಡೀತೈತೆ, ಇದ್ರ ಮುಖ ನೋಡ್ದೆ ಇದ್ರೆ ನಡೆಯಾಕಿಲ್ಲ."

ಬಾಯ್ಲರಿನಿಂದ ಹೊರಟ ಹಬೆ ದಪ್ಪ ಕೊಳವೆಯಲ್ಲಿ ಗೋಡೆಯಾಚೆಯ ಒಣಗಿಸುವ ಯಂತ್ರಕ್ಕೆ ಹೋಗುತ್ತಿತ್ತು. ಅಲ್ಲಿ ಒಂಬತ್ತು ತಾಮ್ರದ ಡ್ರಮ್ಮುಗಳು, ಒಳಗೆ ಪೊಳ್ಳು. ಹಬೆ ಒಂದು ಕಡೆಯ ಅಚ್ಚಿನ ತೂತಿನಿಂದ ಡ್ರಮ್ಮಿನ ಒಳಗೆ ಹೋಗುತ್ತದೆ, ತನ್ನ ಬಿಸಿಯನ್ನು ತಾಮ್ರಕ್ಕೆ ಕೊಟ್ಟು ತಾನು ನೀರಾಗುತ್ತದೆ, ಆ ನೀರು ಕೆಳಗಿನ ನಲ್ಲಿಯಿಂದ ಹೊರಗೆ ಹೋಗುತ್ತದೆ. ಒದ್ದೆ ಬಟ್ಟೆ ಒಂದೊಂದು ಡ್ರಮ್ಮನ್ನೂ ಅಪ್ಪಿಕೊಂಡು ದಾಟುತ್ತ ಒಂಬತ್ತನೆಯದರಲ್ಲಿ ಹಪ್ಪಳದ ಹಾಗೆ ಒಣಗಿ ಬರುತ್ತದೆ. ಹಬೆಗೂ ಬಟ್ಟೆಗೂ ಒಮ್ಮೆಯೂ ಭೇಟಿಯಿಲ್ಲ. ಕೆಲಸವೆಲ್ಲ ತಾಮ್ರದ ಮೂಲಕ.

ಪ್ರತಿ ಡ್ರಮ್ಮಿನ ಪಕ್ಕೆಯಲ್ಲೂ ನಾಲ್ಕಾಣೆಯಷ್ಟು ಅಗಲದ ಹಿತ್ತಾಳೆಯ ಒಂದು ಮುಚ್ಚಳ ಇತ್ತು. ಅದು ಒಳಕ್ಕೆ ಮಾತ್ರ ತೆರೆಯುತ್ತಿತ್ತು. ಮುನಿಯಪ್ಪ ಅದನ್ನು ಮೂಗು ಎನ್ನುತ್ತಿದ್ದರು.

"ಅಬೆ ನಿಲ್ಸಿದ್ ಮ್ಯಾಲೆ ಒಳಗಿರೋದೆಲ್ಲ ಆರಿ ನೀರಾಗ್ತೈತೆ. ಡ್ರಮ್ ತುಂಬ ಇದ್ದ ಅಬೆ ಒಂದು ಚೊಂಬು ನೀರಾದ್ರೆ, ಮಿಕ್ಕ ಜಾಗದಾಗೆ ಏನೈತೆ ಏಳು?"

"ಗಾಳಿ."

"ಗಾಳಿ ಎಲ್ಲಿಂದ ಬತ್ತದಪ್ಪ? ಏನೂ ಇಲ್ಲ. ಬರಿದು. ಅನ್ನದ ತಪ್ಪಲೆಗೆ ಮುಚ್ಚಿದ್ ತಟ್ಟೆ ಆರಿದ್ ಮ್ಯಾಲೆ ಕಚ್ಕೊಂಡು ಕೂತಿರ್ತೈತಲ್ಲ, ಅಂಗೆ. ಒರಗಿನ ಗಾಳಿ ಅಮುಕಿ ಡ್ರಮ್ಮನ್ನ ಅಪ್ಪಚ್ಚಿ ಮಾಡ್ತೈತೆ. ಅದಕ್ಕೇ ಈ ಮೂಗು. ಒಳ್ಗೆ ಬರಿದಾದಾಗ ತಾನೇ ತೆರ್ಕೊಂಡು ಉಸಿರು ಎಳ್ಕೊಂತೈತೆ. ಬಾಯ್ಲರ್ ಒಡೆಯೋದಕ್ಕೆ ಎಲ್ರೂ ಎದರ್ಕೊಂತಾರೆ. ಡ್ರಮ್ ಒಳಕ್ಕೆ ಕುಸಿಯೋದು ಯಾರಿಗೂ ಗೊತ್ತಿಲ್ಲ."

ನಾನು ತಲೆಯಾಡಿಸಿದೆ. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದೂ ಇಟ್ಟುಕೊಂಡೆ.

ಆ ವರ್ಷದ ಸಂಕ್ರಾಂತಿಗೆ ಮೊದಲು ಬಾಯ್ಲರ್ ಪರೀಕ್ಷೆಯಲ್ಲಿ ಪಾಸಾದೆ. ಸರ್ಟಿಫಿಕೇಟು ಬಂತು. ಬಾಯ್ಲರ್ ಉರಿಯುವಾಗ ಸರ್ಟಿಫಿಕೇಟಿದ್ದವನೊಬ್ಬ ಅದರ ಮುಂದೆ ಇರಲೇಬೇಕು, ಅದು ಕಾನೂನು. ಆ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ನೇತುಹಾಕುವುದು ನಮ್ಮ ಕಾರ್ಖಾನೆಯ ಪದ್ಧತಿ. ಮುನಿಯಪ್ಪನವರ ಕಟ್ಟಿನ ಪಕ್ಕದಲ್ಲಿ ನನ್ನದಕ್ಕೂ ಮೊಳೆ ಹೊಡೆದರು, ಹೂವು ಹಾಕಿದರು, ಎಲ್ಲರಿಗೂ ಎಳ್ಳುಬೆಲ್ಲ ಹಂಚಿದೆ. ಗೋಡೆಯ ಮೇಲೆ ನನ್ನ ಹೆಸರು ನೋಡಿ ನನ್ನ ಎದೆ ಎರಡಂಗುಲ ಉಬ್ಬಿತ್ತು.

ಸಂಜೆ ಬೆಂಕಿ ಆರಿದ ಮೇಲೆ ಮುನಿಯಪ್ಪ ತಮ್ಮ ಕಟ್ಟನ್ನು ಮೊಳೆಯಿಂದ ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದರು.

"ಎಲ್ಲಿಗೆ?" ಎಂದೆ.

"ಮನೆಗೆ. ಅದಿಮೂರು ವರ್ಷ ಆಯ್ತು ಬಸಪ್ಪ. ನನ್ ಮಗ್ಳ ಧಾರೆ ಎರೆದು ಒದ್ದೆ ಕೈಯಾಗೇ ಬಂದು ಇದಕ್ಕೆ ಇದ್ಲು ಆಕಿದ್ದೀನಿ. ಸರ್ಟಿಪಿಕೇಟ್ ಇರೋ ಇನ್ನೊಬ್ಬ ಸಿಗ್ಲಿ ಅಂತ ಕಾಯ್ತಿದ್ದೆ. ಇನ್ ಮ್ಯಾಕೆ ನೀನುಂಟು, ಇದುಂಟು."

ನನಗೆ ಕಲಿಸಿದ್ದು ಇದಕ್ಕೋ ಎಂದು ಆಗ ಹೊಳೆಯಿತು. ಸಿಟ್ಟು ಬಂತು. ಆದರೆ ಅವರು ಸೈಕಲ್ ಹತ್ತಿದ ರೀತಿ ನೋಡುತ್ತ ನಿಂತೆ. ಅಷ್ಟು ಹಗುರಾಗಿ ಅವರು ಸೈಕಲ್ ಹತ್ತಿದ್ದನ್ನು ನಾನು ನೋಡಿರಲೇ ಇಲ್ಲ.

ಮ್ಯಾನೇಜರ್ ಜಾಣ. ಒಂದು ಕಟ್ಟು ಕೈತಪ್ಪಿದ ಮಾರನೆಯ ದಿನವೇ ಗೋಡೆಗೆ ಜಾಲರಿ ಬಾಗಿಲಿನ ಪೆಟ್ಟಿಗೆ ಮಾಡಿಸಿ, ನನ್ನ ಸರ್ಟಿಫಿಕೇಟನ್ನು ಅದರೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು. ಆ ಕಾಗದವಿಲ್ಲದೆ ಬೇರೆ ಕಡೆ ಬಾಯ್ಲರ್ ಕೆಲಸ ಸಿಗುವಂತಿರಲಿಲ್ಲ. "ಸೇಫಾಗಿರ್ಲಿ ಕಣ್ರೀ ಬಸವರಾಜ್" ಎಂದರು. ಆಮೇಲೆ ನಾನು ಜಾಲರಿಯ ಈಚೆ, ನನ್ನ ಹೆಸರು ಜಾಲರಿಯ ಆಚೆ. ಯಾರು ಒಳಗೆ, ಯಾರು ಹೊರಗೆ ಎಂದು ಕೆಲವು ದಿನ ಗೊತ್ತೇ ಆಗುತ್ತಿರಲಿಲ್ಲ.

ನನ್ನ ಹೆಂಡತಿ ನೀಲಾ ಆಗ ಗದಗಿನ ತವರುಮನೆಯಲ್ಲಿದ್ದಳು. ಹಿಂದಿನ ಬೇಸಿಗೆಯಲ್ಲಿ ಐದು ದಿನದ ರಜೆಯಲ್ಲಿ ಮದುವೆಯಾಗಿ ಬಂದಿದ್ದೆ. ಮತ್ತಿಕೆರೆಯಲ್ಲಿ ಒಂದು ಕೋಣೆ ಹಿಡಿದು, ಎರಡು ತಟ್ಟೆ, ಒಂದು ಸೀಮೆಎಣ್ಣೆ ಸ್ಟೌ ತಂದಿಟ್ಟಿದ್ದೆ. ಕರೆದುಕೊಂಡು ಬರುವುದೊಂದು ಬಾಕಿ. ನಮ್ಮ ಕಡೆ ಅಳಿಯನೇ ಬಂದು ಕರೆದೊಯ್ಯಬೇಕು, ಇನ್ನೊಬ್ಬರ ಜೊತೆ ಮಗಳನ್ನು ಕಳಿಸುವುದಿಲ್ಲ. ಯುಗಾದಿಗೆ ಬರುತ್ತೇನೆ ಎಂದು ಬರೆದೆ. ಕಾರ್ಖಾನೆಗೆ ದೊಡ್ಡ ಆರ್ಡರ್ ಬಂತು. ಪಂಚಮಿಗೆ ಎಂದು ಬರೆದೆ. ಆಗಲೂ ಆಗಲಿಲ್ಲ. ಭಾನುವಾರ ಬಾಯ್ಲರ್ ತಣ್ಣಗಾದರೆ ನಾನೇ ಅದರ ಹೊಟ್ಟೆಯೊಳಗೆ ತೂರಿ, ಮಂಡಿಯೂರಿ, ಗೋಡೆಗೆ ಹಿಡಿದ ಸುಣ್ಣವನ್ನು ಕೆರೆದು ತೆಗೆಯಬೇಕಿತ್ತು. ಒಳಗೆ ಕೂತು ಸುತ್ತಿಗೆಯಿಂದ ಬಡಿದರೆ ಆ ಸದ್ದು ಹೊರಗೆ ಹೋಗದೆ ಕಿವಿಗೇ ವಾಪಸ್ಸು ಬರುತ್ತಿತ್ತು.

ಆ ವರ್ಷದ ಹವೆಯನ್ನು ನಾನು ಒಂದು ಬಾಗಿಲಿನ ಅಗಲದಷ್ಟೇ ಕಂಡೆ. ಮಾಘದ ಮಂಜು, ಏಪ್ರಿಲ್ಲಿನ ಮಾವಿನ ಮಳೆ, ಶ್ರಾವಣದ ಜಿಟಿಜಿಟಿ, ಎಲ್ಲವೂ ಆ ಬಾಗಿಲ ಚೌಕಟ್ಟಿನೊಳಗೆ ಬಂದು ಹೋದವು. ಊಟದ ಡಬ್ಬಿ ತೊಡೆಯ ಮೇಲೆ, ಕಣ್ಣು ಗಾಜಿನ ಕೊಳವೆಯ ಮೇಲೆ. ಗೋಡೆಯ ಹಿಂದೆ ಮಧ್ಯಾಹ್ನ ಮೂರರ ಸುಮಾರಿಗೆ ಹುಬ್ಬಳ್ಳಿ ಕಡೆಯ ಗಾಡಿ ಕೂಗಿಕೊಂಡು ಹೋಗುತ್ತಿತ್ತು. ಅದೂ ಉಗಿಬಂಡಿಯೇ. ಅದೇ ಕಲ್ಲಿದ್ದಲು, ಅದೇ ನೀರು, ಅದೇ ಹಬೆ. ಅಲ್ಲಿ ಹಬೆ ಜನರನ್ನು ಊರಿಗೆ ಎಳೆದುಕೊಂಡು ಹೋಗುತ್ತದೆ, ಇಲ್ಲಿ ನನ್ನನ್ನು ಸ್ಟೂಲಿಗೆ ಕಟ್ಟಿಹಾಕಿದೆ ಎಂದು ಹೊಟ್ಟೆ ಉರಿಯುತ್ತಿತ್ತು.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನೀಲಾಳ ಕಾಗದ ಬಂತು. ಅವಳು ಮಾತಾಡುವ ಹಾಗೆಯೇ ಬರೆಯುತ್ತಿದ್ದಳು. "ಓಣ್ಯಾಗ ಮಂದಿ ನಿನ್ನ ಗಂಡ ಬಿಟ್ಟಾನೇನು ಅಂತ ಕೇಳಾಕ ಹತ್ಯಾರ. ಬಾಯ್ಲರ್ ಕೂಡನ ಲಗ್ನಾ ಮಾಡ್ಕೋಬೇಕಿತ್ತು ನೀವು. ದಸರಾಕ್ಕ ಬಂದ್ರ ಬಂದ್ರಿ. ಬರ್ಲಿಲ್ಲಂದ್ರ ಆಮ್ಯಾಲೆ ಬರಬ್ಯಾಡ್ರಿ, ನಾನೂ ಬರೂದಿಲ್ಲ." ಅವಳು ಆಡಿದಂತೆ ಮಾಡುವ ಹೆಣ್ಣು ಎಂದು ಆ ಐದು ದಿನಗಳಲ್ಲೇ ತಿಳಿದಿತ್ತು.

ಮ್ಯಾನೇಜರ್ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡೆ. ಆಯುಧಪೂಜೆ, ವಿಜಯದಶಮಿ, ಅದರ ಮೇಲೆ ಎರಡು ದಿನ ಕಾರ್ಖಾನೆಗೆ ರಜೆ, ಒಲೆ ಹಚ್ಚುವುದಿಲ್ಲ ಎಂದು ಒಪ್ಪಿದರು. "ಆದ್ರೆ ಪೂಜೆ ದಿನ ಬೆಳಿಗ್ಗೆ ಒಂದು ಲಾಟ್ ಒಣಗಿಸಿಕೊಟ್ಟು, ಮಷೀನ್‌ನೆಲ್ಲ ಫಸ್ಟ್‌ಕ್ಲಾಸ್ ರೆಡಿ ಮಾಡಿ ಹೋಗ್ಬೇಕು" ಎಂದರು. ಅದೇ ದಿನದ ಹುಬ್ಬಳ್ಳಿ ಗಾಡಿಗೆ ಟಿಕೆಟ್ ತೆಗೆಸಿದೆ.

ಆಯುಧಪೂಜೆಯ ಬೆಳಿಗ್ಗೆ ಎಂಟಕ್ಕೆ ಬಟ್ಟೆಯ ಕೊನೆಯ ತುಂಡು ಹೊರಬಂತು. ಯಂತ್ರ ನಿಂತಿತು, ಡ್ರಮ್ಮುಗಳಲ್ಲಿ ಹಬೆ ಇನ್ನೂ ಇತ್ತು. ಹಬ್ಬಕ್ಕೆ ಯಂತ್ರಗಳಿಗೆ ಬೆಳ್ಳಿ ಬಣ್ಣ ಬಳಿಯುವುದು ವಾಡಿಕೆ. ನಾನು ಡಬ್ಬಿ ಹಿಡಿದು ಒಂಬತ್ತೂ ಡ್ರಮ್ಮುಗಳ ಪಕ್ಕೆಗೆ ಸರಸರನೆ ಬಳಿದೆ. ಕಾದ ಲೋಹದ ಮೇಲೆ ಬಣ್ಣ ಬಿದ್ದಲ್ಲೇ ಒಣಗುತ್ತಿತ್ತು. ನೋಡಿ ಸಂತೋಷವಾಯಿತು, ಕೆಲಸ ಬೇಗ ಮುಗಿಯುತ್ತದಲ್ಲ ಎಂದು. ಮೂಗುಗಳ ಮೇಲೂ ಬಳಿದೆ. ಮೂರನೆಯ ಡ್ರಮ್ಮಿಗೆ ಆ ತಿಂಗಳಷ್ಟೇ ಹೊಸ ಮೂಗು ಹಾಕಿದ್ದರು, ಬಿಗಿಯಾಗಿ ಕೂತಿತ್ತು. ಹೊಸದು ಹೊಳೆಯಲಿ ಎಂದು ಅದಕ್ಕೆ ಎರಡು ಸಲ ಬಳಿದು, ಮೇಲೆ ಅರಿಶಿನ ಮೆತ್ತಿ, ಕುಂಕುಮದ ಬೊಟ್ಟಿಟ್ಟೆ.

ಮಡಿಕೆ ವಿಭಾಗದ ಹೆಂಗಸರು ಯಂತ್ರದ ಕೆಳಗೆ ದೊಡ್ಡ ರಂಗೋಲಿ ಹಾಕಿದ್ದರು. ಡ್ರಮ್ಮಿನ ಕೆಳಗಿನ ನಲ್ಲಿಗಳಿಂದ ನೀರು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. "ಅಯ್ಯೋ ಬಸಣ್ಣ, ಒಂದು ಗಂಟೆ ಕೂತು ಹಾಕಿರೋದು ಕಣಣ್ಣ!" ಎಂದು ಅವರಲ್ಲೊಬ್ಬಾಕೆ ಕೂಗಿದಳು. ನಾನು ಹೋಗಿ ನಲ್ಲಿಗಳನ್ನೂ ಬಿಗಿಯಾಗಿ ಮುಚ್ಚಿದೆ. ಕೊನೆಗೆ ಹಬೆಯ ಕವಾಟವನ್ನು ತಿರುಗಿಸಿ ನಿಲ್ಲಿಸಿದೆ. ನೀರು ಹೋಗುವ ದಾರಿ, ಗಾಳಿ ಬರುವ ದಾರಿ, ಎರಡನ್ನೂ ಭಕ್ತಿಯಿಂದ ಮುಚ್ಚಿದ್ದೆ. ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದು ನೆನಪಿಗೆ ಬರಲಿಲ್ಲ. ನನ್ನ ಮನಸ್ಸೆಲ್ಲ ಮೂರು ಗಂಟೆಯ ಗಾಡಿಯಲ್ಲಿತ್ತು.

ಪೂಜೆಗೆ ಹಳೆಯ ಕೆಲಸಗಾರರನ್ನೂ ಕರೆಯುತ್ತಿದ್ದರು. ಮುನಿಯಪ್ಪ ಒಂದು ಬುಟ್ಟಿ ಚೆಂಡು ಹೂವು ತಂದಿದ್ದರು. ಬಿಸಿಲಿಗೆ ಮೈ ಕಪ್ಪಾಗಿತ್ತು, ಮುಖ ತುಂಬಿಕೊಂಡಿತ್ತು. "ಮೂರು ಮಡಿ ದಂಟು ಆಕಿದ್ದೀನಿ ಕಣಪ್ಪ" ಎಂದು ಸಂಭ್ರಮದಿಂದ ಹೇಳಿದರು. ಮಂಗಳಾರತಿ ಶುರುವಾಯಿತು. ಗಂಟೆ ಬಾರಿಸುತ್ತಿದ್ದ ಹಾಗೇ ಯಂತ್ರದ ಕಡೆಯಿಂದ ಕಟಕಟ ಎಂದಿತು. ಮುನಿಯಪ್ಪ ಥಟ್ಟನೆ ತಲೆಯೆತ್ತಿದರು. "ಏಯ್, ನಲ್ಲಿ ತೆಗೀರೋ, ಗಾಳಿ ಓಗ್ಲಿ" ಎಂದು ಓಡುವಷ್ಟರಲ್ಲಿ ಧಡಾರ್ ಎಂಬ ಸದ್ದಾಯಿತು.

"ಬಾಯ್ಲರ್ ಒಡೀತು!" ಎಂದು ಯಾರೋ ಕಿರುಚಿದರು. ಜನ ಎದ್ದುಬಿದ್ದು ಹೊರಗೋಡಿದರು. ಪೂಜಾರಿಯ ಆರತಿ ತಟ್ಟೆ ರಂಗೋಲಿಯ ಮೇಲೆ ಉರುಳಿತು. ಆದರೆ ಏನೂ ಸಿಡಿದಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಮೂರನೆಯ ಡ್ರಮ್ಮು ತನ್ನೊಳಗೆ ತಾನೇ ಕುಸಿದು, ಕಾಲಲ್ಲಿ ಮೆಟ್ಟಿದ ಎಣ್ಣೆಡಬ್ಬಿಯ ಹಾಗೆ ಮುದುಡಿ ನಿಂತಿತ್ತು. ಪಕ್ಕೆಯಲ್ಲಿ ಕುಂಕುಮದ ಬೊಟ್ಟು ಹಾಗೇ ಇತ್ತು. ಉಳಿದವುಗಳ ಮೂಗು ಸವೆದು ಸಡಿಲವಾಗಿದ್ದರಿಂದ ಹೇಗೋ ಉಸಿರೆಳೆದುಕೊಂಡು ಬದುಕಿದ್ದವು.

"ನಾನೇ ಬಣ್ಣ ಬಳಿದೆ" ಎಂದೆ ಮುನಿಯಪ್ಪನವರಿಗೆ.

"ಗೊತ್ತು. ಉಗುರು ನೋಡ್ಕೋ" ಎಂದರು. ನನ್ನ ಹತ್ತೂ ಉಗುರುಗಳಲ್ಲಿ ಬೆಳ್ಳಿ ಬಣ್ಣ ಇತ್ತು.

ಮ್ಯಾನೇಜರ್ ಬಹಳ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಜೆ ಕ್ಯಾನ್ಸಲ್. ಮೂರನೇ ಡ್ರಮ್ ಬಿಟ್ಟು ಎಂಟರಲ್ಲೇ ನಿಧಾನಕ್ಕೆ ಓಡಿಸ್ಬೇಕು. ನಾಳೆಯಿಂದ ಸ್ಟೀಮ್ ಬೇಕು. ನೀವು ಎಲ್ಲಿಗೂ ಹೋಗೋ ಹಂಗಿಲ್ಲ" ಎಂದು ಜೇಬಿನ ಕೀಲಿಯನ್ನು ತಟ್ಟಿಕೊಂಡು ಹೋದರು. ನಾನು ಬಾಯ್ಲರ್ ಮನೆಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಊರಿಗೆ ಒಯ್ಯಲು ತಂದಿದ್ದ ಚೀಲ ಕಾಲ ಬಳಿ ಇತ್ತು. ಅತ್ತೆನೆಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ. ಸುಸ್ತಾಗುವವರೆಗೂ ಅತ್ತೆ.

ಮುನಿಯಪ್ಪ ಬಾಗಿಲಲ್ಲಿ ನಿಂತು ನೋಡಿದರು. ಚೀಲ ಯಾಕೆ ಎಂದು ಕೇಳಿದರು. ನೀಲಾಳ ಕಾಗದವನ್ನು ಓದಿ ಹೇಳಿದೆ. ಅವರು ಸೈಕಲ್ ಹತ್ತಿ ಹೋದರು. ಮನೆಗೆ ಹೋದರು ಎಂದುಕೊಂಡೆ. ಎರಡು ಗಂಟೆಯ ಹೊತ್ತಿಗೆ ಬೆವರು ಸುರಿಸಿಕೊಂಡು ವಾಪಸ್ಸು ಬಂದರು. ಕ್ಯಾರಿಯರಿನಲ್ಲಿ ಟವೆಲ್ಲು ಸುತ್ತಿದ ಗಾಜಿನ ಕಟ್ಟು. ಮ್ಯಾನೇಜರನ್ನು ಕರೆಸಿ, ತಮ್ಮ ಸರ್ಟಿಫಿಕೇಟನ್ನು ಅವರ ಕೈಗಿಟ್ಟರು. ಮ್ಯಾನೇಜರ್ ಅದನ್ನು ನನ್ನದರ ಪಕ್ಕದಲ್ಲಿಟ್ಟು ಬೀಗ ಹಾಕಿದರು.

"ಬ್ಯಾಡ್ರೀ ಮುನಿಯಪ್ಪಣ್ಣ" ಎಂದೆ. ಬಾಯಿ ಅಂದಿತಷ್ಟೇ. ಕೈ ಆಗಲೇ ಚೀಲ ಹಿಡಿದಿತ್ತು.

"ನಂದಂತೂ ಆಗೋಯ್ತು. ನೀನಾರ ಓಗು. ನಾಕು ದಿನ ತಾನೆ? ಈ ಒಲೆ ಆರಿದ್ರೆ ಅರವತ್ತು ಮನೆ ಒಲೆ ಆರ್ತಾವೆ, ಅದಕ್ಕೆ ಯಾರಾರ ಒಬ್ರು ಇರ್ಬೇಕು. ನೀನು ಬರೋಗಂಟ ನಾನಿರ್ತೀನಿ."

"ನಾಕು ದಿನ ಅಷ್ಟ. ಐದನೇ ದಿನ ಬೆಳಿಗ್ಗೆ ಇಲ್ಲಿರ್ತೀನ್ರಿ."

"ಊಂ. ಗಾಡಿ ಕೂಗ್ತೈತೆ, ಓಡು."

ಓಡಿದೆ.

ನೀಲಾ ಬಾಗಿಲಲ್ಲೇ ನನ್ನ ಕೈಗಳನ್ನು ನೋಡಿದಳು. "ಎಷ್ಟ ದಿನಾ?" ಎಂದಳು. ನಾಲ್ಕು ಎಂದೆ. "ಆಮ್ಯಾಲ?" ಎಂದಳು. ಆಮೇಲೆ ಏನೆಂದು ನನಗೆ ಗೊತ್ತಿತ್ತು: ಮತ್ತಿಕೆರೆಯ ಕೋಣೆಯಲ್ಲಿ ಅವಳು, ಜಾಲರಿಯ ಮುಂದೆ ನಾನು. ನಾಲ್ಕನೆಯ ದಿನ ಗದಗಿನ ಸ್ಟೇಷನ್ನಿಗೆ ಚೀಲ ಹಿಡಿದುಕೊಂಡು ಹೋದದ್ದು ನಿಜ. ಗಾಡಿ ಬಂತು, ಬುಸುಗುಟ್ಟುತ್ತ ನಿಂತಿತು. ನಾನು ಬೆಂಚಿನಿಂದ ಏಳಲಿಲ್ಲ. ಗಾಡಿ ಹೋಯಿತು.

ಮಾವನವರ ಪರಿಚಯದ ಒಂದು ಕಾಲೇಜಿನಲ್ಲಿ ಗುಮಾಸ್ತನಾದೆ. ಮುನಿಯಪ್ಪನವರಿಗೆ ಬರೆಯಲು ಮೂರು ಸಲ ಕಾರ್ಡು ತಂದೆ. ಒಕ್ಕಣೆಯಾದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನಾಚಿಕೆಯ ಮಾತೆಂದರೆ, ಆ ದಿನಗಳಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಆರು ವರ್ಷವಾದ ಮೇಲೆ ಯಲಹಂಕದ ಕಡೆಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿ, ನೀಲಾಳನ್ನೂ ಮಗಳನ್ನೂ ಕರೆದುಕೊಂಡು ಬೆಂಗಳೂರಿಗೆ ಮರಳಿದೆ. ಒಂದು ತಿಂಗಳು ನನ್ನ ಜೊತೆ ನಾನೇ ಜಗಳವಾಡಿ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ ಯಶವಂತಪುರಕ್ಕೆ ಹೋದೆ. ಕಾವಲುಗಾರ ಹೊಸಬ, ಮುನಿಯಪ್ಪ ಎಂದದ್ದಕ್ಕೆ ಬಾಯ್ಲರ್ ಮನೆಯ ಕಡೆ ಕೈ ತೋರಿಸಿದ.

ಅವರು ಸ್ಟೂಲಿನ ಮೇಲೆ ಗಾಜಿನ ಕೊಳವೆಗೆ ಮುಖ ಮಾಡಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗೋಡೆಯ ಜಾಲರಿಯೊಳಗೆ ಎರಡೂ ಕಟ್ಟುಗಳಿದ್ದವು, ಎರಡರ ಗಾಜಿಗೂ ಕುಂಕುಮ ಇತ್ತು. ನನ್ನ ನೆರಳು ಬಿದ್ದದ್ದಕ್ಕೆ ತಿರುಗಿ ನೋಡಿದರು.

"ನಾಕು ದಿನ ಆಯ್ತೇನಪ್ಪ ಬಸಪ್ಪ?"

ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಅದನ್ನಾದರೂ ಹಿಡಿದುಕೊಂಡು ನಿಲ್ಲಬಹುದಿತ್ತು.

"ಎಂಡ್ರು ಬಂದ್ಳಾ?"

"ಬಂದಾಳ್ರಿ. ಮಗಳೂ ಅದಾಳ."

"ಒಳ್ಳೇದಾಯ್ತು."

"ನಿಮ್ಮ ಸೊಪ್ಪಿನ ಮಡಿ?"

"ನೀರು ಕಟ್ಟೋರಿರ್ಲಿಲ್ಲ. ಮಾರ್ಬಿಟ್ಟೆ." ಮತ್ತೆ ಕೊಳವೆಯ ಕಡೆ ತಿರುಗಿದರು. ಕಣ್ಣು ತೆಗೆಯುವ ಹಾಗಿರಲಿಲ್ಲವಲ್ಲ. ನಾನು ನಿಂತೇ ಇದ್ದೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದವನು ಜಾಲರಿಯೊಳಗಿನ ನನ್ನ ಹೆಸರನ್ನು ಓದಿದೆ.

ಅವರೇ ಎದ್ದರು. "ನಿನ್ ಸರ್ಟಿಪಿಕೇಟ್ ಇನ್ನೂ ಗ್ವಾಡೆ ಮ್ಯಾಲೈತೆ. ಒಂದ್ ಗಳಿಗೆ ಕೂತು ನೀರು ನೋಡ್ಕೋ. ಒರಗೆ ಓಗಿ ಬತ್ತೀನಿ" ಎಂದು ತಲೆಗೆ ಟವೆಲ್ಲು ಹಾಕಿಕೊಂಡು ಮಳೆಯೊಳಗೆ ಹೋದರು.

ಕೂತೆ. ಸ್ಟೂಲು ಅದೇ. ಬೆಂಕಿಯ ಝಳ ಮೊದಲಿನ ಹಾಗೇ ಎಡಗೆನ್ನೆಗೆ ಬಡಿಯಿತು. ಗಾಜಿನ ಕೊಳವೆಯಲ್ಲಿ ನೀರು ಏರುತ್ತ ಇಳಿಯುತ್ತ ಇತ್ತು. ಐದು ನಿಮಿಷವಾಯಿತು, ಹತ್ತಾಯಿತು. ಗೋಡೆಯ ಹಿಂದೆ ಹುಬ್ಬಳ್ಳಿ ಗಾಡಿ ಕೂಗಿಕೊಂಡು ಹೋಯಿತು. ಬಾಗಿಲ ಕಡೆ ನೋಡಿದೆ, ಮಳೆ ಬಿಟ್ಟರೆ ಏನೂ ಇರಲಿಲ್ಲ. ಇವರು ಬರುವುದಿಲ್ಲ ಎನ್ನಿಸಿತು. ಯಾಕೆ ಬರಬೇಕು? ನೀಲಾಳ ಮುಖ, ಮಗಳ ಮುಖ ಕಣ್ಣ ಮುಂದೆ ಬಂದವು. ಎದ್ದು ಓಡಬೇಕೆನಿಸಿತು, ಆದರೆ ಕೊಳವೆಯ ನೀರು ಬಿಟ್ಟು ಏಳುವಂತಿರಲಿಲ್ಲ. ಆರು ವರ್ಷ ಅವರು ದಿನಾ ಈ ಬಾಗಿಲನ್ನು ಹೀಗೆ ನೋಡಿರಬೇಕು ಎಂದು ಆಗ ಗೊತ್ತಾಯಿತು.

ಇಪ್ಪತ್ತು ನಿಮಿಷವಾಗಿರಬಹುದು. ಮುನಿಯಪ್ಪ ಮಳೆಯಲ್ಲಿ ಪೂರ್ತಿ ನೆನೆದು, ಬರಿಗೈಯಲ್ಲಿ, ವಾಪಸ್ಸು ಬಂದರು.

"ಏಳಪ್ಪ" ಎಂದರು. ಎದ್ದು ಸ್ಟೂಲು ಬಿಟ್ಟುಕೊಟ್ಟೆ.